ಬೀಪ್ ಅಂದರೆ ಬ್ರೇಕ್! ಆದರೆ ಹೆಲ್ಮೆಟ್ಟಿನೊಳಗೆ ಬೀಪ್ ಕೇಳಿಸುತ್ತದೆಯೇ?

1981ರ 'ದಿ ಕ್ಯಾನನ್‌ಬಾಲ್ ರನ್' ನೋಡಿದವರಿಗೆ ಅದರ ಆರಂಭ ಮರೆತಿರಲಿಕ್ಕಿಲ್ಲ. ಕರೀ ಲ್ಯಾಂಬೋರ್ಗಿನಿ ಕಾರು. ಹಿಂದೆ ಬೆನ್ನು ಹತ್ತಿದ ಪೊಲೀಸ್ ಕಾರು. ನಡುವೆ ಕಾರು ನಿಲ್ಲಿಸಿ ಇಳಿದ ಚೆಲುವೆಯೊಬ್ಬಳು '55' ಎಂದು ಬರೆದ ವೇಗಮಿತಿಯ ಬೋರ್ಡಿನ ಮೇಲೆ ಬಣ್ಣ ಸಿಂಪಡಿಸಿ ಕಾಟು ಹಾಕುತ್ತಾಳೆ. ಮತ್ತೆ ಕಾರು ಭರ್ರೋ...! ಇಂಥಾ ದೃಶ್ಯಕ್ಕೆ ಶಿಳ್ಳೆ ಹೊಡೆಯದ ಅಭಿಮಾನಿ ಇದ್ದಾನೆಯೇ? ಬರ್ಟ್ ರೆನಾಲ್ಡ್ಸ್, ರೋಜರ್ ಮೂರ್, ಜಾಕಿ ಚಾನ್ ಎಲ್ಲರೂ ಇದ್ದಾರೆ. 1969ರ 'ಈಜಿ ರೈಡರ್'ನಲ್ಲಿ ಬೈಕ್ ಏರಿ ಹುಡುಗರ ನಿದ್ದೆ ಕೆಡಿಸಿದ್ದ ಪೀಟರ್ ಫೋಂಡಾ ಇಲ್ಲಿ ಬೈಕ್ ಪುಂಡರ ನಾಯಕ!

ಇದು ಬರೀ ಕಟ್ಟುಕಥೆಯಲ್ಲ ಸ್ವಾಮಿ. ಬ್ರಾಕ್ ಯೇಟ್ಸ್ ಎಂಬ ಪತ್ರಕರ್ತ 1971ರಲ್ಲಿ ನಿಜವಾಗಿ ಶುರು ಮಾಡಿದ ಕಳ್ಳ ರೇಸಿನ ಕಥೆ. ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಒಂದೇ ಓಟ. 1979ರ ರೇಸಿನಲ್ಲಿ ಯೇಟ್ಸ್ ಮತ್ತು ಚಿತ್ರದ ನಿರ್ದೇಶಕ ಹಾಲ್ ನೀಡ್‌ಹ್ಯಾಮ್ ಇಬ್ಬರೂ ಆಂಬುಲೆನ್ಸ್ ವೇಷ ಹಾಕಿಸಿದ ವ್ಯಾನಿನಲ್ಲಿ ಓಡಿದ್ದರು. ಅದೇ ಉಪಾಯ ಚಿತ್ರದಲ್ಲಿ ಹೀರೋಗೆ ಸಿಕ್ಕಿತು. 'ಕ್ಯಾನನ್‌ಬಾಲ್' ಎಂಬ ಹೆಸರೂ ಒಬ್ಬ ಬೈಕ್ ಸವಾರನದ್ದೇ. ಅರ್ವಿನ್ ಬೇಕರ್ ಎಂಬಾತ 1914ರಲ್ಲಿ 'ಇಂಡಿಯನ್' ಕಂಪನಿಯ ಮೋಟಾರ್ ಸೈಕಲ್ಲಿನಲ್ಲಿ ಆ ದೇಶವನ್ನು ಹನ್ನೊಂದೂವರೆ ದಿನದಲ್ಲಿ ದಾಟಿದ. ಆ ಓಟದ ಮೇಲೆ ಪತ್ರಿಕೆಯವರು ಇಟ್ಟ ಬಿರುದು ಅದು.

ಈ ಪುರಾಣ ಈಗ ಯಾಕೆ ತೆಗೆದೆ ಅಂತೀರೇನೋ. ಹಾಸನದ ಕಡೆಯ ಓದುಗ ಮಿತ್ರರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರ ಭಾವನವರು ಕ್ಯಾಲಿಫೋರ್ನಿಯದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರಂತೆ. ಹೊಸದಾಗಿ ದೊಡ್ಡ ಬೈಕ್ ಕೊಂಡಿದ್ದಾರಂತೆ. "ಪೊಲೀಸರ ಸ್ಪೀಡ್ ಗನ್ ಇದ್ದರೆ ಮೊದಲೇ ಹೇಳುವ ರಾಡಾರ್ ಡಿಟೆಕ್ಟರ್ ಎಂಬ ಪೆಟ್ಟಿಗೆ ಸಿಗುತ್ತದಂತೆ, ಬೈಕಿಗೆ ಯಾವುದು ಒಳ್ಳೆಯದು? ಭಾವ ರಜೆಗೆ ಬರುವಾಗ ನನಗೂ ಒಂದು ತರಿಸಿಕೊಳ್ಳಲೇ?" ಎಂದು ಎರಡು ಪ್ರಶ್ನೆ. ಎರಡಕ್ಕೂ ಉತ್ತರ ಬೇರೆ ಬೇರೆ. ಕೊನೆಯವರೆಗೂ ಓದಿ.

* * *

ಮೊದಲು ಆ ಪೆಟ್ಟಿಗೆ ಹುಟ್ಟಿದ ಕಥೆ. 1973ರಲ್ಲಿ ಪೆಟ್ರೋಲಿಗೆ ಬರ ಬಂತು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕದ ಉದ್ದಗಲಕ್ಕೂ ಗಂಟೆಗೆ 55 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 88 ಕಿಲೋಮೀಟರ್, ಇದೇ ಗರಿಷ್ಠ ವೇಗವಾಯಿತು. ನೆಟ್ಟಗೆ ಹಾಸಿದ ರಸ್ತೆ, ಭಾರೀ ಎಂಜಿನ್ನು, ಆದರೆ ಓಡಿಸುವಂತಿಲ್ಲ! ಪೊದೆಯ ಹಿಂದೆ ಪೊಲೀಸಪ್ಪ, ಕೈಯಲ್ಲಿ ರಾಡಾರ್ ಗನ್. ಆ ಕೇಂದ್ರದ ಮಿತಿ ಪೂರ್ತಿ ರದ್ದಾದದ್ದು 1995ರಲ್ಲಿ. ಅಷ್ಟರೊಳಗೆ ಒಂದು ಹೊಸ ವ್ಯಾಪಾರವೇ ಬೆಳೆದು ನಿಂತಿತ್ತು.

ಒಹಾಯೋ ರಾಜ್ಯದ ಡೇಲ್ ಸ್ಮಿತ್ ಎಂಬಾತನ 'ಫಜ್‌ಬಸ್ಟರ್' ಮೊದಲು ಹೆಸರು ಮಾಡಿತು. ಅಲ್ಲಿಯ ಬೀದಿ ಭಾಷೆಯಲ್ಲಿ 'ಫಜ್' ಅಂದರೆ ಪೊಲೀಸ್. ಉಳಿದದ್ದು ನೀವೇ ಅರ್ಥ ಮಾಡಿಕೊಳ್ಳಿ! 1978ರಲ್ಲಿ 'ಎಸ್ಕಾರ್ಟ್' ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ ಮೈಕ್ ವ್ಯಾಲಂಟೈನ್. ಆತನೇ ಮುಂದೆ ಬೇರೆಯಾಗಿ 1992ರಲ್ಲಿ 'ವ್ಯಾಲಂಟೈನ್ ಒನ್' ತಂದ. ಗನ್ ಮುಂದಿದೆಯೋ, ಪಕ್ಕದಲ್ಲಿದೆಯೋ, ಹಿಂದಿದೆಯೋ ಎಂದು ಬಾಣದ ಗುರುತಿನಿಂದ ತೋರಿಸುವ ಪೆಟ್ಟಿಗೆ ಅದು.

* * *

ಇನ್ನು ಕೆಲಸ ಮಾಡುವ ಬಗೆ. ಕಾಲೇಜಿನಲ್ಲಿ ಡಾಪ್ಲರ್ ಪಾಠ ಬರುವ ಮೊದಲೇ ನಾನು ಪಿಯುಸಿಗೆ ಶರಣು ಹೇಳಿದವನು. ಆದರೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವನಿಗೆ ಆ ಪಾಠ ಬೇಕಿಲ್ಲ. ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಹತ್ತಿರ ಬರುವಾಗ ಸಿಳ್ಳು ಕೀಚಾಗಿರುತ್ತದೆ, ದಾಟಿ ಹೋದ ಕೂಡಲೇ ದಪ್ಪಗಾಗುತ್ತದೆ. ರಾಡಾರಿನದೂ ಇದೇ ಸಂಗತಿ. ಗನ್ ರೇಡಿಯೋ ಅಲೆ ಬಿಡುತ್ತದೆ, ಅದು ಬೈಕಿಗೆ ಬಡಿದು ವಾಪಸ್ ಬರುತ್ತದೆ. ಬರುವಾಗ ಎಷ್ಟು 'ಕೀಚು' ಹೆಚ್ಚಾಗಿದೆಯೋ ಅದರ ಮೇಲೆ ನಿಮ್ಮ ವೇಗದ ಲೆಕ್ಕ.

ಡಿಟೆಕ್ಟರ್ ಎಂಬುದು ಬರೀ ಒಂದು ರೇಡಿಯೋ. ಅದು ಗನ್ನಿನ ಹಾಗೆ ಅಲೆ ಬಿಡುವುದಿಲ್ಲ, ಸುಮ್ಮನೆ ಆಲಿಸುತ್ತದೆ. ಅಮಾವಾಸ್ಯೆಯ ಕತ್ತಲಲ್ಲಿ ಒಬ್ಬ ಟಾರ್ಚ್ ಹಿಡಿದು ಬರುತ್ತಿದ್ದಾನೆ ಅನ್ನಿ. ಅವನ ಬೆಳಕಿಗೆ ನೀವು ಕಾಣಬೇಕಾದರೆ ಹತ್ತಿರ ಬರಬೇಕು. ಅವನ ಟಾರ್ಚು ಮಾತ್ರ ನಿಮಗೆ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಅವನ ಬೆಳಕು ಹೋಗಿ ಬರಬೇಕು, ನಿಮಗೆ ಬಂದರೆ ಸಾಕು. ಪೆಟ್ಟಿಗೆಯ ಗುಟ್ಟೆಲ್ಲಾ ಇಷ್ಟೇ.

ಅಮೆರಿಕದ ಪೊಲೀಸರ ರಾಡಾರು ಮೂರು ಪಟ್ಟಿಗಳಲ್ಲಿ ಮಾತಾಡುತ್ತದೆ. 10.5 ಗಿಗಾಹರ್ಟ್ಸ್ ಸುತ್ತಿನ 'ಎಕ್ಸ್', ಇದು ಹಳೇ ಕಾಲದ್ದು. 24 ಗಿಗಾಹರ್ಟ್ಸಿನ 'ಕೆ'. 33.4ರಿಂದ 36ರವರೆಗಿನ 'ಕೆಎ'. ಈಗ ಹೆಚ್ಚು ಭಯ ಪಡಬೇಕಾದದ್ದು ಕೆಎ. ಕೆ ಪಟ್ಟಿಯಲ್ಲಿ ಸುಳ್ಳು ಕೂಗೇ ಜಾಸ್ತಿ. ಅಂಗಡಿಗಳ ತಾನೇ ತೆರೆಯುವ ಬಾಗಿಲು, ಹೊಸ ಕಾರುಗಳು ಪಕ್ಕದ ವಾಹನ ನೋಡಲು ಇಟ್ಟುಕೊಂಡ ರಾಡಾರು, ಇವೆಲ್ಲಾ ಅಲ್ಲೇ ಗಲಾಟೆ ಮಾಡುತ್ತವೆ.

* * *

ಈಗ ಬೈಕಿನ ಮಾತು. ಕಾರಿನಲ್ಲಿ ಕೂತವನಿಗೆ ಇಲ್ಲದ ಕಷ್ಟ ಬೈಕಿನವನಿಗೆ ಇದೆ. ಕಾರಿನಲ್ಲಿ ಪೆಟ್ಟಿಗೆಯನ್ನು ಗಾಜಿಗೆ ಅಂಟಿಸಿದರೆ ಮುಗೀತು, ಬೀಪ್ ಅಂದದ್ದು ಹಿಂದಿನ ಸೀಟಿನ ಅಜ್ಜಿಗೂ ಕೇಳಿಸುತ್ತದೆ. ಬೈಕಿನ ಮೇಲೆ? ತಲೆಗೆ ಹೆಲ್ಮೆಟ್ಟು, ಕಿವಿ ತುಂಬಾ ಗಾಳಿ, ಕೆಳಗೆ ಎಂಜಿನ್ನಿನ ಗುಡುಗು. ಎಂಟು ನೂರು ಡಾಲರಿನ ಪೆಟ್ಟಿಗೆ ಟ್ಯಾಂಕಿನ ಮೇಲೆ ಕೂತು ಗಂಟಲು ಹರಿದುಕೊಂಡರೂ ನಿಮಗೆ ಕೇಳಿಸದಿದ್ದರೆ ಏನು ಬಂತು?

ಆದ್ದರಿಂದ ಭಾವನವರಿಗೆ ಮೊದಲ ಮಾತು: ಯಾವ ಪೆಟ್ಟಿಗೆ ಎಷ್ಟು ದೂರದಿಂದ ಕೇಳುತ್ತದೆ ಎಂಬುದು ಎರಡನೆಯ ಪ್ರಶ್ನೆ. ಅದು ಕೇಳಿದ್ದು ನಿಮಗೆ ಹೇಗೆ ತಲುಪುತ್ತದೆ ಎಂಬುದೇ ಮೊದಲನೆಯದು. ದಾರಿ ಎರಡಿವೆ.

ಒಂದು, ಕಿವಿಯ ದಾರಿ. ಹೆಲ್ಮೆಟ್ಟಿನೊಳಗಿನ ಸ್ಪೀಕರಿಗೆ ಬ್ಲೂಟೂತ್ ಮೂಲಕ ಸದ್ದು ಕಳಿಸುವುದು. 2020ರಲ್ಲಿ ಬಂದ ವ್ಯಾಲಂಟೈನ್ ಒನ್‌ನ ಎರಡನೇ ತಲೆಮಾರಿನಲ್ಲಿ ಬ್ಲೂಟೂತ್ ಒಳಗೇ ಇದೆ, ಫೋನಿಗೆ ಜೋಡಿಸಿ ಅಲ್ಲಿಂದ ಹೆಲ್ಮೆಟ್ಟಿಗೆ ಸದ್ದು ಒಯ್ಯಬಹುದು. ಆದರೆ ಕ್ಯಾಲಿಫೋರ್ನಿಯದಲ್ಲಿ ಒಂದು ಕಾನೂನಿದೆ: ವಾಹನ ಓಡಿಸುವಾಗ ಎರಡೂ ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ದಂಡ ತಪ್ಪಿಸಲು ಹೋಗಿ ಇನ್ನೊಂದು ದಂಡ ಕಟ್ಟಿದರೆ ಹೆಂಡತಿ ನಗುತ್ತಾರೆ!

ಎರಡು, ಕಣ್ಣಿನ ದಾರಿ. ಮೀಟರಿನ ಪಕ್ಕ, ಇಲ್ಲವೇ ಹೆಲ್ಮೆಟ್ಟಿನ ಅಂಚಿನಲ್ಲಿ ಒಂದು ಪ್ರಖರವಾದ ಕೆಂಪು ದೀಪ. ಮಿನುಗಿದರೆ ಗನ್ ಬಂತು ಎಂದರ್ಥ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ನಂಬಬೇಡಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅವು ಕಾಣುವುದಿಲ್ಲ. ಕಾಣಲಿ ಎಂದು ಬಗ್ಗಿ ನೋಡುವ ಆ ಒಂದು ಸೆಕೆಂಡಿನಲ್ಲಿ, 100 ಕಿಲೋಮೀಟರ್ ವೇಗದಲ್ಲಿದ್ದರೆ, ನೀವು 28 ಮೀಟರ್ ರಸ್ತೆಯನ್ನು ನೋಡದೆ ದಾಟಿರುತ್ತೀರಿ.

ಮೂರನೆಯ ಮಾತು ಮಳೆ ಮತ್ತು ನಡುಕ. ಹೆಸರುವಾಸಿ ಪೆಟ್ಟಿಗೆಗಳೆಲ್ಲಾ ಹೆಚ್ಚಾಗಿ ಕಾರಿಗೆಂದೇ ಮಾಡಿದವು. ನೀರು ಬಿದ್ದರೆ ಕಥೆ ಮುಗೀತು. ಬೈಕಿಗೆಂದೇ ನೀರು ತಡೆಯುವಂತೆ ಮಾಡಿದ್ದು 'ಅಡಾಪ್ಟಿವ್ ಟಿಪಿಎಕ್ಸ್'. ಅದರ ಜೊತೆಗೆ ಪ್ರಖರವಾದ ಎಚ್ಚರಿಕೆ ದೀಪ ಬರುತ್ತದೆ. ಕೆಲವರು ಕಾರಿನ ಪೆಟ್ಟಿಗೆಯನ್ನೇ ಟ್ಯಾಂಕ್ ಬ್ಯಾಗಿನ ಪ್ಲಾಸ್ಟಿಕ್ ಜೇಬಿನಲ್ಲಿ ಇಡುತ್ತಾರೆ. ರಾಡಾರ್ ಅಲೆ ಪ್ಲಾಸ್ಟಿಕ್ ದಾಟುತ್ತದೆ, ಅದೇನೋ ಸರಿ. ಆದರೆ ಬ್ಯಾಗಿನೊಳಗೆ ಹುದುಗಿಸಿದರೆ ಲೇಸರ್ ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿಲಿಗೆ ಪೆಟ್ಟಿಗೆಯೂ ಬೇಯುತ್ತದೆ.

ನಾಲ್ಕನೆಯದು ಜಾಗ. ಪೆಟ್ಟಿಗೆಗೆ ಮುಂದಿನ ರಸ್ತೆ ಕಾಣಬೇಕು. ಕಬ್ಬಿಣದ ಹಿಂದೆ ಇಟ್ಟರೆ ಕಿವುಡಾಗುತ್ತದೆ. ಹ್ಯಾಂಡಲ್ ಮೇಲೆ ಇಟ್ಟಾಗ ಇನ್ನೊಂದು ತೊಡಕು: ಸವಾರನ ಮೈಯೇ ಗೋಡೆ. ನಮ್ಮ ಮೈಯಲ್ಲಿ ನೀರೇ ಹೆಚ್ಚಲ್ಲವೇ? ನೀರು ಈ ಅಲೆಗಳನ್ನು ಹೀರುತ್ತದೆ. ಹಿಂದಿನಿಂದ ಬರುವ ಗನ್ನಿನ ಸುದ್ದಿ ತಡವಾಗಿಯೇ ಸಿಗುತ್ತದೆ. ವಿದ್ಯುತ್ತನ್ನು ಫ್ಯೂಸ್ ಹಾಕಿಸಿ, ಬೈಕ್ ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ ತಂತಿಯಿಂದ ತೆಗೆಸಬೇಕು. ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ಹೋಗುವಾಗ ಒಂದೇ ಕೈಯಲ್ಲಿ ಬಿಚ್ಚಿ ಜೇಬಿಗೆ ಹಾಕುವಂತಿರಬೇಕು. ಕಳ್ಳರು ಎಲ್ಲಾ ದೇಶದಲ್ಲೂ ಇದ್ದಾರೆ.

ಐದನೆಯದು ಸುಳ್ಳು ಕೂಗು. ಇದು ಬೈಕಿನವನ ಪ್ರಾಣಕ್ಕೇ ಸಂಬಂಧಪಟ್ಟದ್ದು. ಪ್ರತಿ ಅಂಗಡಿ ಬಾಗಿಲಿಗೂ ಕೂಗುವ ಅಗ್ಗದ ಪೆಟ್ಟಿಗೆ ಇಟ್ಟರೆ, ಸವಾರ ಪ್ರತಿ ಸಲವೂ ಬೆಚ್ಚಿ ಬ್ರೇಕ್ ಒತ್ತುತ್ತಾನೆ. ಕಾರಿನವನು ಬೆಚ್ಚಿ ಬ್ರೇಕ್ ಒತ್ತಿದರೆ ಟೈರು ಕಿರುಚುತ್ತದೆ. ಬೈಕಿನವನು ತಿರುವಿನಲ್ಲಿ ಬೆಚ್ಚಿ ಬ್ರೇಕ್ ಒತ್ತಿದರೆ ನೆಲ ಸೇರುತ್ತಾನೆ! ಆದ್ದರಿಂದ ಸುಳ್ಳು ಸೋಸುವ ಜಾಣತನ ಇರುವ ಪೆಟ್ಟಿಗೆಯೇ ಬೇಕು. ಕೆಲವು ಪೆಟ್ಟಿಗೆಗಳು ಜಿಪಿಎಸ್ ಇಟ್ಟುಕೊಂಡು 'ಈ ಜಾಗದಲ್ಲಿ ದಿನವೂ ಸುಳ್ಳು ಕೂಗು' ಎಂದು ನೆನಪಿಟ್ಟು ಬಾಯಿ ಮುಚ್ಚುತ್ತವೆ. ಒಳ್ಳೆಯ ಪೆಟ್ಟಿಗೆಗೆ 400ರಿಂದ 800 ಡಾಲರ್. ಹಣ ಕೊಡುವುದಾದರೆ ಈ ಸೋಸುವ ಗುಣಕ್ಕೆ ಕೊಡಲಿ.

* * *

ಇಷ್ಟೆಲ್ಲಾ ಮಾಡಿದ ಮೇಲೆ ಪೊಲೀಸಪ್ಪ ಸೋತನೇ? ಅವನೂ ಸಿನಿಮಾ ನೋಡಿದ್ದಾನೆ ಸ್ವಾಮಿ!

ಮೊದಲನೆಯ ಪಟ್ಟು: ಗನ್ನನ್ನು ಸುಮ್ಮನೆ ಹಿಡಿದುಕೊಂಡು ಕೂರುವುದು. ನೀವು ಹತ್ತಿರ ಬಂದಾಗ ಗುಂಡಿ ಒತ್ತುವುದು. ನಿಮ್ಮ ಪೆಟ್ಟಿಗೆ 'ಬೀಪ್' ಎನ್ನುವ ಹೊತ್ತಿಗೆ ಅವನ ಗನ್ನಿನಲ್ಲಿ ನಿಮ್ಮ ಅಂಕಿ ಬಿದ್ದಾಗಿದೆ. ಮುಂದೆ ಹೋಗುವ ಬೇರೆ ಗಾಡಿಗೆ ಅವನು ಗುರಿ ಇಟ್ಟಿದ್ದರೆ ಮಾತ್ರ ನಿಮಗೆ ಲಾಭ. ರಸ್ತೆಯಲ್ಲಿ ನೀವೊಬ್ಬರೇ ಇದ್ದರೆ ಪೆಟ್ಟಿಗೆ ಇದ್ದೂ ಇಲ್ಲ.

ಎರಡನೆಯದು ಲೇಸರ್ ಗನ್. ರಾಡಾರ್ ಅಲೆ ಹರಡುತ್ತಾ ಹೋಗುತ್ತದೆ, ಆದ್ದರಿಂದ ದೂರದಿಂದ ಸುಳಿವು ಸಿಗುತ್ತದೆ. ಲೇಸರ್ ಸೂಜಿ ಇದ್ದ ಹಾಗೆ. 300 ಮೀಟರ್ ದೂರದಲ್ಲಿ ಅದರ ಅಗಲ ಒಂದು ಮೀಟರಿನ ಆಸುಪಾಸು. ಪಕ್ಕದ ಗಾಡಿಗೆ ಹೊಡೆದರೆ ನಿಮಗೆ ಗೊತ್ತೇ ಆಗುವುದಿಲ್ಲ. ನಿಮಗೇ ಹೊಡೆದರೆ ಪೆಟ್ಟಿಗೆ ಕೂಗುತ್ತದೆ... ಎಚ್ಚರಿಕೆಗಲ್ಲ, ಮರಣವಾರ್ತೆಗೆ! ಬೈಕ್ ಸಣ್ಣದು, ಗುರಿ ಕಷ್ಟ ಎಂದು ಕೆಲವರ ವಾದ. ನಿಮ್ಮ ಹೆಡ್‌ಲೈಟಿನ ಕನ್ನಡಿಯೇ ಲೇಸರಿಗೆ ಒಳ್ಳೆಯ ಗುರಿ ಎಂಬುದನ್ನು ಅವರು ಹೇಳುವುದಿಲ್ಲ.

ಮೂರನೆಯದು ಕಾನೂನು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಖಾಸಗಿ ವಾಹನಕ್ಕೆ ಡಿಟೆಕ್ಟರ್ ಇಟ್ಟುಕೊಳ್ಳಬಹುದು. ಆದರೆ ವರ್ಜೀನಿಯಾ ರಾಜ್ಯದಲ್ಲೂ ರಾಜಧಾನಿ ವಾಷಿಂಗ್ಟನ್ನಿನಲ್ಲೂ ನಿಷೇಧ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಾಸ್ಕಾಚೆವಾನ್ ಬಿಟ್ಟರೆ ಉಳಿದ ಕಡೆ ಕೂಡದು. ಪೆಟ್ಟಿಗೆ ಇಟ್ಟುಕೊಂಡವನನ್ನು ಹುಡುಕುವ ಪೆಟ್ಟಿಗೆಯೂ ಪೊಲೀಸರ ಹತ್ತಿರ ಇದೆ. ಕಳ್ಳನಿಗೊಬ್ಬ ಮಳ್ಳ! ಇನ್ನು ರಾಡಾರನ್ನೇ ಕೆಡಿಸುವ ಜಾಮರ್ ಎಂಬುದು ಅಮೆರಿಕದ ಉದ್ದಗಲಕ್ಕೂ ಅಪರಾಧ. ಡಿಟೆಕ್ಟರ್ ಕೇಳಲು ಹೋಗಿ ಅಂಗಡಿಯವನ ಮಾತಿಗೆ ಮರುಳಾಗಿ ಜಾಮರ್ ತಂದರೆ ಭಾವನವರು ದೊಡ್ಡ ಫಜೀತಿಗೆ ಬೀಳುತ್ತಾರೆ.

* * *

ಇನ್ನು ಎರಡನೆಯ ಪ್ರಶ್ನೆ. "ನನಗೂ ಒಂದು ತರಿಸಿಕೊಳ್ಳಲೇ?"

ಬೇಡ ಮಿತ್ರರೇ. ಒಂದೇ ಮಾತಿನ ಉತ್ತರ.

ಕಾರಣ ಕೇಳಿ. ನಮ್ಮ ಹೆದ್ದಾರಿಗಳಲ್ಲಿ ಇಂಟರ್‌ಸೆಪ್ಟರ್ ಗಾಡಿಯ ಪೊಲೀಸರು ಹಿಡಿಯುವುದು ಲೇಸರ್ ಗನ್. ಅದರ ಮುಂದೆ ಪೆಟ್ಟಿಗೆಯ ಪಾಡು ಏನೆಂದು ಈಗ ತಾನೇ ಹೇಳಿದೆ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಚಲನ್ ಕಳಿಸುತ್ತದೆ. ಎರಡು ಕಂಬಗಳ ನಡುವಿನ ದೂರವನ್ನು ನೀವು ತೆಗೆದುಕೊಂಡ ಹೊತ್ತಿನಿಂದ ಭಾಗಿಸಿ ಸರಾಸರಿ ವೇಗ ಹೇಳುವ ಕ್ರಮವೂ ಇದೆ. ಅಲ್ಲಿ ರಾಡಾರೇ ಇಲ್ಲ, ಮೂರನೇ ತರಗತಿಯ ಭಾಗಾಕಾರ ಇದೆ. ಭಾಗಾಕಾರ ಹಿಡಿಯುವ ಡಿಟೆಕ್ಟರ್ ಇನ್ನೂ ಹುಟ್ಟಿಲ್ಲ! ಬೈಕ್ ಓಡಿಸಲು ಹುಡುಗರಿಗೆ ಆಸೆಯಿದ್ದ ಹೊಸ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲವಾಯಿತು.

ಲೆಕ್ಕ ಹಾಕಿ ನೋಡಿ. ಪೆಟ್ಟಿಗೆಗೆ ನಮ್ಮ ದುಡ್ಡಿನಲ್ಲಿ ಮೂವತ್ತು ಸಾವಿರದ ಮೇಲೆ. 2019ರ ತಿದ್ದುಪಡಿಯ ಪ್ರಕಾರ ಲಘು ವಾಹನದ ಅತಿವೇಗಕ್ಕೆ ಕಾಯ್ದೆ ಹೇಳುವ ದಂಡ 1,000ದಿಂದ 2,000 ರೂಪಾಯಿ. ಎರಡನೇ ಸಲ ಸಿಕ್ಕರೆ ಲೈಸೆನ್ಸಿಗೇ ಕುತ್ತು. ಹಿಡಿಯದ ಬಲೆಗೆ ಮೂವತ್ತು ಸಾವಿರ ಯಾಕೆ?

ಆದರೆ ದುಡ್ಡಿನ ಮಾತು ಸಣ್ಣದು. ದೊಡ್ಡ ಮಾತು ಇನ್ನೊಂದಿದೆ. ಆ ಪೆಟ್ಟಿಗೆಗೆ ಜಗತ್ತಿನಲ್ಲಿ ಗೊತ್ತಿರುವುದು ಒಂದೇ ಅಪಾಯ: ಪೊಲೀಸು. ದೀಪವಿಲ್ಲದೆ ನಿಂತ ಲಾರಿ ರಾಡಾರ್ ಬಿಡುವುದಿಲ್ಲ. ತಿರುವಿನಲ್ಲಿ ಎದ್ದು ಬರುವ ಎಮ್ಮೆ ಬಿಡುವುದಿಲ್ಲ. ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್ ಬಿಡುವುದಿಲ್ಲ. ಬಣ್ಣ ಬಳಿಯದ ಹಂಪು ಬಿಡುವುದಿಲ್ಲ. ಪೆಟ್ಟಿಗೆ ಸುಮ್ಮನಿದೆ ಅಂದರೆ ರಸ್ತೆ ಖಾಲಿ ಅಂತಲ್ಲ. ಆದರೆ ಸುಮ್ಮನಿರುವ ಪೆಟ್ಟಿಗೆ ಸವಾರನ ಕಿವಿಯಲ್ಲಿ 'ಹೋಗು, ಹೋಗು' ಅನ್ನುತ್ತದೆ. ಅದೇ ಅದರ ವಿಷ.

100 ಕಿಲೋಮೀಟರ್ ವೇಗದಲ್ಲಿ ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡ್, 28 ಮೀಟರ್. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಐವತ್ತು ಮೀಟರಿನ ಆಸುಪಾಸು. ಒಟ್ಟು ಸುಮಾರು 80 ಮೀಟರ್. ನಮ್ಮ ಊರಿನ ಎಷ್ಟು ತಿರುವುಗಳಲ್ಲಿ 80 ಮೀಟರ್ ಮುಂದೆ ಕಾಣುತ್ತದೆ, ನೀವೇ ಹೇಳಿ.

ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಅಂಕಿ ಓದಿದರೆ ಎದೆಗೆ ತಾಗುವುದಿಲ್ಲ, ಹೆಸರು ಹೇಳಿದರೆ ತಾಗುತ್ತದೆ. 1985ರಲ್ಲಿ 'ಆಕ್ಸಿಡೆಂಟ್' ಎಂಬ ಚಿತ್ರ ನಿರ್ದೇಶಿಸಿ ರಸ್ತೆಯ ಸಾವಿನ ಬಗ್ಗೆ ನಮ್ಮ ಕಣ್ಣು ತೆರೆಸಿದ ಶಂಕರಣ್ಣ, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆಯಲ್ಲೇ ಹೋದರು. ಆಗ ವಯಸ್ಸು 35. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಸಂಚಾರಿ ವಿಜಯ್, 2021ರ ಜೂನಿನಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದವರು ಏಳಲಿಲ್ಲ. ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಯಾರ ತಪ್ಪು, ಎಷ್ಟು ವೇಗ ಎಂಬ ವಿಚಾರಣೆ ಇಲ್ಲಿ ಬೇಡ. ರಸ್ತೆಗೆ ಹೀರೋ ಯಾರು, ಎಕ್ಸ್‌ಟ್ರಾ ಯಾರು ಗೊತ್ತಾಗುವುದಿಲ್ಲ ಎಂಬುದಷ್ಟೇ ಮಾತು.

* * *

ಹಾಗಾದರೆ ಭಾವ ಏನು ತರಬೇಕು? ಅವರು ದುಡ್ಡು ಕೊಡಲು ತಯಾರಿದ್ದರೆ ಇಲ್ಲೇ ಖರ್ಚು ಮಾಡಿಸಿ. ಐಎಸ್‌ಐ ಗುರುತಿನ, ತಲೆಗೆ ಬಿಗಿಯಾಗಿ ಕೂರುವ, ಗಲ್ಲದವರೆಗೂ ಮುಚ್ಚುವ ಹೆಲ್ಮೆಟ್. 2021ರ ಜೂನ್ 1ರಿಂದ ಆ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ, ಆದರೂ ರಸ್ತೆ ಬದಿಯಲ್ಲಿ ಬುಟ್ಟಿಯಂಥವು ಸಿಗುತ್ತವೆ, ಹುಷಾರು. ಹಿಂದೆ ಕೂರುವವರಿಗೂ ಅಂಥದ್ದೇ ಒಂದು. ಬೋಳಾದ ಟೈರು ಬದಲಿಸಿ. ಹೊಸ ಬೈಕ್ ಕೊಳ್ಳುವ ಯೋಚನೆ ಇದ್ದರೆ ಎಬಿಎಸ್ ಇರುವುದನ್ನೇ ಕೊಳ್ಳಿ, ಬೆಚ್ಚಿ ಬ್ರೇಕ್ ಒತ್ತಿದಾಗಲೂ ಚಕ್ರ ಜಾಮ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಇಷ್ಟಕ್ಕೆಲ್ಲಾ ಆ ಮೂವತ್ತು ಸಾವಿರ ಸಾಕಾಗದೇ ಇರಬಹುದು, ಆದರೆ ಕೊಟ್ಟ ಒಂದೊಂದು ರೂಪಾಯಿಯೂ ಲಾರಿ ಎದುರು ಬಂದ ದಿನ ಕೆಲಸಕ್ಕೆ ಬರುತ್ತದೆ.

ಭಾವನವರಿಗೆ ನಮ್ಮ ನಮಸ್ಕಾರ ತಿಳಿಸಿ. ಅವರು ಪೆಟ್ಟಿಗೆ ಕೊಂಡರೂ ಕೊಳ್ಳಲಿ, ಅಲ್ಲಿ ಕಾನೂನು ಬಿಟ್ಟಿದೆ, ಅವರ ಇಷ್ಟ. ಆದರೆ ಅದನ್ನು ಓಡಿಸಲು ಇರುವ ಪರವಾನಗಿ ಅಂದುಕೊಳ್ಳದೆ, ಮೀಟರ್ ನೋಡಲು ನೆನಪಿಸುವ ಗಂಟೆ ಅಂದುಕೊಳ್ಳಲಿ. ನಿಮ್ಮ ಅಕ್ಕನವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ ಎಂಬುದು ಯಾವ ಬ್ಯಾಂಡಿನಲ್ಲೂ ಬರುವ ಸುದ್ದಿಯಲ್ಲ, ಅದನ್ನು ತಾವೇ ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆಗಳಿದ್ದರೆ ಕಳಿಸುತ್ತಿರಿ. ಮುಂದಿನ ವಾರ ಸಿಗೋಣ... ಎಲ್ಲರೂ, ಪೂರ್ತಿ ಕೈಕಾಲು ಸಮೇತ!